ಮರೆಮ್ಮನ ಹಾಸಿಗೆ ಬಾಗಿಲ ಕಡೆಗೆ

ಡೊಂಬಿವಲಿಯ ಎಂಐಡಿಸಿ ಕಾರ್ಖಾನೆಗಳ ಹಿಂದಿನ ಚಾಳಿನಲ್ಲಿ ಸಂಗಮೇಶನ ಮನೆ. ತಾಯಿ ಮರೆಮ್ಮನಿಗೆ ಹೊಟ್ಟೆಯ ಕ್ಯಾನ್ಸರ್. ಇನ್ನು ವಾಸಿಯಾಗುವುದಿಲ್ಲ ಎಂದು ಆಸ್ಪತ್ರೆಯವರು ಹೇಳಿ ಕಳಿಸಿದ್ದರು. ಸಂಗಮೇಶ ಅದನ್ನು ತಾಯಿಗೆ ಹೇಳಲಿಲ್ಲ. "ಹೊಟ್ಟ್ಯಾಗ ಹುಣ್ಣು ಅದ, ಕಮ್ಮಿ ಆಗ್ತದ" ಎನ್ನುತ್ತಿದ್ದ. ಕಾಯಿಲೆಯ ಮಾತು ಬಂದಾಗಲೆಲ್ಲ ಗಂಡ ಹೆಂಡತಿ ಮರಾಠಿಗೆ ಹೊರಳುತ್ತಿದ್ದರು. ಮನೆಯಲ್ಲಿ ಅವ್ವ ಕನ್ನಡ ಬಿಟ್ಟು ಬೇರೆ ಮಾತಾಡಿದ್ದನ್ನು ಅವರು ಕೇಳಿಯೇ ಇರಲಿಲ್ಲ.

ನೋವು ಜೋರಾಗಿತ್ತು. ಮರೆಮ್ಮ ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದಳು. ಸೋಮವಾರ ಇನ್ನೊಂದು ದೊಡ್ಡ ಆಸ್ಪತ್ರೆಗೆ ಸೇರಿಸುವುದೆಂದು ಸಂಗಮೇಶ ನಿಶ್ಚಯಿಸಿದ.

ಹೆಂಡತಿ ಜ್ಯೋತಿಯ ಮನಸ್ಸು ಒಪ್ಪಲಿಲ್ಲ. ವಾಸಿಯಾಗದ ರೋಗಿಗಳ ಆರೈಕೆ ಮಾಡುವ ಹಾಸ್ಪೀಸ್ ಒಂದರಿಂದ ಮನೆಮನೆಗೆ ಬರುವ ನರ್ಸ್ ಜಯಶೀಲ ಅವರನ್ನು ಕರೆಸಿದಳು. ಅವರು ಉಡುಪಿ ಕಡೆಯವರು.

"ಹಾಸ್ಪೀಸ್ ಅಂದ್ರ ಸಾಯ್ಲಾಕ ಬಿಡೋ ಜಾಗ ಅಲ್ಲೇನ್ರಿ?" ಸಂಗಮೇಶ ಕೇಳಿದ. "ಮಂದಿ ಏನಂದಾರು? ಮಗ ಕೈಬಿಟ್ಟ ಅಂತಾರ."

"ಬಿಡುದು ಯಾರು ಮಾರಾಯ್ರೇ? ನಾವು ಮನೆಗೇ ಬರ್ತೇವಲ್ಲ. ರೋಗ ವಾಸಿ ಮಾಡ್ಲಿಕ್ಕೆ ಆಗುದಿಲ್ಲ, ನಿಜ. ಆದ್ರೆ ನೋವು, ವಾಂತಿ, ಉಬ್ಬಸಕ್ಕೆಲ್ಲ ಮದ್ದು ಉಂಟು. ಡಾಕ್ಟರ್ ನೋಡಿ ಅಳೆದು ಕೊಡ್ತಾರೆ. ಮನೆಯಲ್ಲಿ ಆಗದಿದ್ರೆ ನಮ್ಮ ಕೇಂದ್ರದಲ್ಲಿ ಇಟ್ಕೊಳ್ತೇವೆ. ಅದಿರಲಿ, ಅಮ್ಮನಿಗೆ ಏನು ಬೇಕಂತೆ?"

ಸಂಗಮೇಶ ದನಿ ತಗ್ಗಿಸಿದ. ಅವಳಿಗೆ ಏನೂ ಗೊತ್ತಿಲ್ಲ, ಗೊತ್ತಾದರೆ ಎದೆ ಒಡೆದುಕೊಂಡಾಳು ಎಂದು ಮರಾಠಿಯಲ್ಲಿ ಹೇಳಿದ.

ಗೋಡೆಯ ಕಡೆಯಿಂದ ಮರೆಮ್ಮನ ದನಿ ಬಂತು. "ಮಲಾ ಸಗಳಂ ಕಳತಂ." ನನಗೆಲ್ಲ ತಿಳಿಯುತ್ತದೆ ಎಂದು, ಅಚ್ಚ ಮರಾಠಿಯಲ್ಲಿ.

ಮೂವರೂ ತಿರುಗಿ ನೋಡಿದರು.

"ನೀ ಸಣ್ಣಾವಿದ್ದಾಗ ಊರಾಗ ಅಜ್ಜಿ ಕಡಿ ಇದ್ದಿ. ನಾ ಇಲ್ಲಿ ಮರಾಠಿ ಬಾಯಾರ ಮನ್ಯಾಗ ಭಾಂಡಿ ತಿಕ್ಕೀನಿ. ಅವರ ಅತ್ತಿ-ಸೊಸಿ ಜಗಳಾ ಬಿಡಿಸಾಕಿ ನಾನೇ, ಹುಚ್ಚಪ್ಯಾಲಿ!"

ಜ್ಯೋತಿ ನಕ್ಕಳು. ಆಮೇಲೆ ಸೆರಗಿನಿಂದ ಕಣ್ಣು ಒತ್ತಿಕೊಂಡಳು.

"ಮತ್ಯಾಕ ಸುಮ್ಮನಿದ್ದಿ ಅವ್ವಾ?" ಸಂಗಮೇಶ ಕೇಳಿದ.

"ನೀ ನನ್ನ ಸಲುವಾಗಿ ಮುಚ್ಚಿಟ್ಟಿ. ನಿನ್ನ ಸಲುವಾಗಿ ನಾನೂ ಮುಚ್ಚಿಟ್ಟೆ. ಇಬ್ಬರೂ ಬ್ಯಾರೆ ಬ್ಯಾರೆ ಅತ್ತೀವಿ."

ಜಯಶೀಲ ಹಾಸಿಗೆಯ ಪಕ್ಕ ಕುಳಿತರು. "ಅಮ್ಮಾ, ನಿಮಗೆ ಏನು ಬೇಕು?"

"ಬ್ಯಾನಿ ಕಮ್ಮಿ ಮಾಡ್ರಿ. ಮೂಗಿನಾಗ ನಳಿಗಿ ಬ್ಯಾಡ. ನನ್ನ ಹಾಸ್ಗಿ ಬಾಗಲ ಕಡಿ ಹಾಕ್ರಿ. ಸಂಜಿಗಿ ಹೆಣ್ಮಕ್ಕಳು ರೊಟ್ಟಿ ಬಡಿಯೋ ಸಪ್ಪಳ ಕೇಳಬೇಕು."

"ಮತ್ತ ಸೋಮವಾರ ದವಾಖಾನಿ?" ಸಂಗಮೇಶ ಕೇಳಿದ.

"ನೀ ಹೋಗು. ನಾ ಬರಂಗಿಲ್ಲ."

ಸೋಮವಾರ ಸಂಗಮೇಶ ತಾಯಿಯ ಹಾಸಿಗೆಯನ್ನು ಬಾಗಿಲ ಕಡೆಗೆ ಸರಿಸಿದ. ಹಾಸ್ಪೀಸ್ ತಂಡದ ಡಾಕ್ಟರು ಬಂದು ಮದ್ದು ಬರೆದರು. ನೋವು ತಗ್ಗಿತು. ಗೋಡೆ ನೋಡುತ್ತಿದ್ದ ಮರೆಮ್ಮ ಹೊರಗೆ ನೋಡತೊಡಗಿದಳು. ಎದುರುಮನೆಯ ರೊಟ್ಟಿ ಸಪ್ಪಳ ಕೇಳಿದರೆ ಸಾಕು, "ಇನ್ನೊಂದೀಟು ನಾದವ್ವ ಹಿಟ್ಟು!" ಎಂದು ಕೂಗುತ್ತಾಳೆ. ಮಗ ಪಕ್ಕದಲ್ಲಿ ಕುಳಿತು ಕಾಲು ಒತ್ತುತ್ತಾನೆ. ಎಷ್ಟು ದಿನ ಉಳಿದಿದೆಯೋ ಇಬ್ಬರಿಗೂ ಗೊತ್ತಿಲ್ಲ. ಈಗ ಅದನ್ನೂ ಕನ್ನಡದಲ್ಲೇ ಮಾತಾಡುತ್ತಾರೆ.

ಅಕ್ಕಂದಿರೇ, ಅಣ್ಣಂದಿರೇ, ವಾಸಿಯಾಗದ ಕಾಯಿಲೆಗೂ ಆರೈಕೆ ಇದೆ. ಅದು ಎಲ್ಲಿ ಸಿಗುತ್ತದೆಂದು ನಿಮ್ಮ ಡಾಕ್ಟರನ್ನು ಕೇಳಿ. ಅದಕ್ಕಿಂತ ಮೊದಲು ಹಾಸಿಗೆಯ ಪಕ್ಕ ಕುಳಿತು, ಮಲಗಿದವರನ್ನೇ, "ನಿನಗೇನು ಬೇಕು?" ಎಂದು ಕೇಳಿ. ಉತ್ತರ ನಿಮಗೆ ಹಿಡಿಸದಿದ್ದರೂ ಪೂರ್ತಿ ಕೇಳಿಸಿಕೊಳ್ಳಿ.