ತಟ್ಟೆ ಸ್ಟ್ಯಾಂಡಿನ ನವಣೆ

ನಾನು ಒಂದು ಪುಟ್ಟ ಕಂಪ್ಯೂಟರ್. ಊಟದ ಡಬ್ಬಿಯಷ್ಟೇ ಇದ್ದೇನೆ. ಹುಟ್ಟಿದ್ದು ಎಲ್ಲೋ ದೂರದ ಕಾರ್ಖಾನೆಯಲ್ಲಿ, ಕಣ್ಣು ಬಿಟ್ಟದ್ದು ಹುಬ್ಬಳ್ಳಿಯ ಒಂದು ಕಣ್ಣಾಸ್ಪತ್ರೆಯಲ್ಲಿ. ಅಲ್ಲಿ ನನ್ನನ್ನು ಮಾನಿಟರ್ ಪರದೆಯ ಬೆನ್ನಿಗೆ ಬಿಗಿದಿದ್ದರು. ವರ್ಷಗಟ್ಟಲೆ ನಾನು ಕಂಡದ್ದು ಗೋಡೆಯೊಂದನ್ನೇ. ಆಚೆ ಯಾರು ಕೂತಿದ್ದಾರೆ ಎಂಬ ಕುತೂಹಲ ತೀರಲೇ ಇಲ್ಲ. ಹೊಸ ಯಂತ್ರಗಳು ಬಂದದ್ದೇ ನನ್ನನ್ನು ಹಳೆ ಸಾಮಾನಿನ ಅಂಗಡಿಗೆ ಸಾಗಹಾಕಿದರು.

ಅಲ್ಲಿಂದ ನನ್ನನ್ನೂ ನನ್ನಂಥ ಇನ್ನೆರಡನ್ನೂ ಕೈಚೀಲದಲ್ಲಿ ಹೊತ್ತು ತಂದವಳು ದಾಕ್ಷಾಯಣಿ. ಮಗು ಹುಟ್ಟಿದಾಗ ಬಿಟ್ಟ ಕಂಪ್ಯೂಟರ್ ಕೆಲಸಕ್ಕೆ ಮರಳಬೇಕೆಂಬುದು ಅವಳ ಹಟ. ಹೋದಲ್ಲೆಲ್ಲ, ಇಷ್ಟು ವರ್ಷ ಮನೆಯಲ್ಲಿದ್ದವರಿಗೆ ಏನು ನೆನಪಿದ್ದೀತು ಎನ್ನುತ್ತಿದ್ದರು. ಅದಕ್ಕೇ ಮನೆಯಲ್ಲೇ ಪ್ರಯೋಗಶಾಲೆ ಹೂಡಿದಳು. ಅಡುಗೆಮನೆಯ ತಟ್ಟೆ ಸ್ಟ್ಯಾಂಡಿನಲ್ಲಿ ನಮ್ಮನ್ನು ಸಾಲಾಗಿ ನಿಲ್ಲಿಸಿ ಜೋಳ, ಸಜ್ಜೆ, ನವಣೆ ಎಂದು ಹೆಸರಿಟ್ಟಳು. ತುದಿಯಲ್ಲಿ ನಿಂತ ನಾನು ನವಣೆ.

"ತಾಟ ನಾ ಎಲ್ಲಿ ಇಡ್ಲೆವಾ?" ಎಂದರು ಅತ್ತೆ ನೀಲವ್ವ.

"ಬುಟ್ಟ್ಯಾಗ ಇಡ್ರಿ ಅತ್ತಿ, ಕೆಲಸ ಸಿಗೂಮಟ."

ಅತ್ತೆಯ ಅಡುಗೆಗಳ ಅಂತರ್ಜಾಲ ಪುಟವೊಂದನ್ನು ದಾಕ್ಷಾಯಣಿ ನನಗೆ ವಹಿಸಿದಳು. ನಾನು ಕೆಟ್ಟು ನಿಂತರೆ ಅದನ್ನು ಜೋಳವೋ ಸಜ್ಜೆಯೋ ತಾನಾಗಿ ಎತ್ತಿಕೊಳ್ಳಬೇಕು. ಆದರೆ ನನ್ನ ಸ್ವಿಚ್ ಆರಿಸಿದಾಗಲೆಲ್ಲ ಪುಟವೂ ಮಾಯವಾಗುತ್ತಿತ್ತಂತೆ. ನಾನಿಲ್ಲದಾಗ ಏನಾಗುತ್ತದೆಂದು ನನಗೆ ಹೇಗೆ ಗೊತ್ತಾಗಬೇಕು? ಮರಳಿ ಎದ್ದಾಗ ಅವಳ ಬಾಡಿದ ಮುಖ ನೋಡಿ ಅರ್ಥ ಮಾಡಿಕೊಳ್ಳುತ್ತಿದ್ದೆ. ಪಾಪ ಅನ್ನಿಸುತ್ತಿತ್ತು.

ಕಡೆಗೂ ಮುಂಬಯಿಯ ಕಂಪನಿಯೊಂದು ವಿಡಿಯೋ ಕರೆಯಲ್ಲೇ ಪರೀಕ್ಷೆ ಇಟ್ಟಿತು, ಅದೂ ದಸರೆಯ ಖಂಡೆ ಪೂಜೆಯ ದಿನವೇ. ಹಿಂದಿನ ಸಂಜೆ ದಾಕ್ಷಾಯಣಿಗೆ ತಪ್ಪೊಂದು ಸಿಕ್ಕಿತು, ತಿದ್ದಿದಳು. ಮತ್ತೆ ಆರಿಸಿ ನೋಡಲು ಮಾತ್ರ ಧೈರ್ಯ ಸಾಲಲಿಲ್ಲ.

"ಅತ್ತಿ, ನಾಳಿ ಈ ಮೂರನ್ನ ಮುಟ್ಟಬ್ಯಾಡ್ರಿ."

ನೀಲವ್ವ ಸುಮ್ಮನಿರುವವರೇ? ಆ ದಿನ ಕುಡಗೋಲು, ಕತ್ತರಿ, ಮಿಕ್ಸಿ ಎಲ್ಲಕ್ಕೂ ಬಿಡುವು, ಎಲ್ಲಕ್ಕೂ ಪೂಜೆ. ಸೊಸೆಗೆ ಅನ್ನ ಕೊಡಬೇಕಾದ ಯಂತ್ರಕ್ಕೇ ಪೂಜೆಯಿಲ್ಲವೆಂದರೆ ಅವರ ಮನಸ್ಸು ಒಪ್ಪಲಿಲ್ಲ. ಮೂರರಲ್ಲಿ ಒಂದಕ್ಕಾದರೂ ಆಗಲಿ ಎಂದು, ಸುಲಭವಾಗಿ ಕೈಗೆ ಸಿಕ್ಕ ನನ್ನ ವೈರನ್ನು ಕಿತ್ತರು. ಅದೇ ಹೊತ್ತಿಗೆ ನಡುಮನೆಯಲ್ಲಿ ದಾಕ್ಷಾಯಣಿ ಪರೀಕ್ಷಕರಿಗೆ ಅದೇ ಪುಟ ತೋರಿಸುತ್ತಿದ್ದಳು. ಮುಂದಿನದು ನನಗೆ ತಿಳಿಯದು.

ಎಚ್ಚರವಾದಾಗ ನನ್ನ ಮೈಮೇಲೆ ವಿಭೂತಿ, ಕುಂಕುಮ, ಚೆಂಡುಹೂವು. ದಾಕ್ಷಾಯಣಿ ನಗುತ್ತಲೇ ಕಣ್ಣೊರೆಸಿಕೊಳ್ಳುತ್ತಿದ್ದಳು.

"ಪರದಿ ಮ್ಯಾಲ ನವಣಿ ಹೆಸರು ಕೆಂಪಾತ್ರಿ ಅತ್ತಿ, ನನ್ನ ಎದಿ ಝಲ್ ಅಂತು. ಅಷ್ಟರಾಗ ಸಜ್ಜಿ ಹಿಡಕೊಂತು. ಪುಟ ನಿಲ್ಲಲೇ ಇಲ್ಲ. ನೀವ ಬೇಕಂತ ಆರಿಸಿದ್ರೇನು ಅಂತ ಕೇಳಿದ್ರು."

"ಏನಂದಿ?"

"ನಮ್ಮ ಅತ್ತಿ ಪೂಜಾ ಮಾಡಾಕತ್ತಾರ ಅಂದೆ."

ಕೆಲಸ ಸಿಕ್ಕಿತು. ತಟ್ಟೆಗಳು ಸ್ಟ್ಯಾಂಡಿಗೆ ಮರಳಿದವು. ಜೋಳ, ಸಜ್ಜೆ ನಡುಮನೆಯ ಕಪಾಟು ಸೇರಿ ಇನ್ನೂ ದುಡಿಯುತ್ತಿವೆ. ನನ್ನ ಫ್ಯಾನಿಗೆ ಮಾತ್ರ ಕುಂಕುಮ ಸಿಕ್ಕಿ ಉಸಿರು ಕಟ್ಟಿತು, ಎಚ್ಚರವಿದ್ದರೂ ದುಡಿಯಲಾಗದು. ಈಗ ನನ್ನ ಜಾಗ ದೇವರ ಜಗಲಿಯ ಮೂಲೆ. ಆಸ್ಪತ್ರೆಯಲ್ಲಿ ಅಷ್ಟು ದುಡಿದರೂ ಯಾರೂ ತಿರುಗಿ ನೋಡಿರಲಿಲ್ಲ. ನನ್ನ ಬಾಳಿನ ದೊಡ್ಡ ಕೆಲಸ ಆದಾಗ ನನಗೆ ಎಚ್ಚರವಿರಲಿಲ್ಲ. ಆ ಗಳಿಗೆ ಹೇಗಿತ್ತೆಂದು ಸಜ್ಜೆಯನ್ನು ಕೇಳುವ ಆಸೆ. ಆದರೆ ಅದಕ್ಕೀಗ ನೀಲವ್ವನ ಅಡುಗೆಪುಟ ಕಾಯುವ ಕೆಲಸ, ಮಾತಿಗೆ ಪುರುಸೊತ್ತಿಲ್ಲ.