ತಲೆಸುತ್ತು ಅಂತ ಹೆಸರಿಟ್ಟರು

ಆ ಮನೆಗೆ ಬೆಳಗಾಗುತ್ತಿದ್ದದ್ದೇ ಹೊಲಿಗೆ ಯಂತ್ರದ ಸದ್ದಿನಿಂದ. ಮಗಳು ಗೆರೆ ಎಳೆಯದೆ, ಕಣ್ಣಳತೆಯಲ್ಲೇ ಅಂಗಿ ಕತ್ತರಿಸುವಂಥವಳು. ಅಂಥವಳು ಒಂದು ದಿನ ಯಂತ್ರದ ಮುಂದಿಂದ ಧೊಪ್ಪನೆ ಬಿದ್ದು, ಕೈಕಾಲು ಸೆಟೆದು ಅದುರತೊಡಗಿದಳು. ಆಗ ಅಮ್ಮ ಮಾಡಿದ ಮೊದಲ ಕೆಲಸ ಏನು ಗೊತ್ತೇ? ಬೀದಿ ಕಡೆಯ ಕಿಟಕಿ ಮುಚ್ಚಿದ್ದು. ಮಗಳನ್ನು ಮುಟ್ಟಿದ್ದು ಆಮೇಲೆ.

"ಯಾರು ಕೇಳಿದ್ರೂ ತಲೆಸುತ್ತು ಅನ್ನು. ಮದುವೆಯಾಗೋ ಹುಡುಗಿಗೆ ಫಿಟ್ಸ್ ಅಂದ್ರೆ ಮುಗೀತು."

ಆ ಬೀದಿಯ ರೂಢಿಯೇ ಅದು. ಮಗಳೂ ನಂಬಿದಳು. ಅಮ್ಮ ಅಲ್ಲವೇ!

ಹತ್ತಿರದ ಡಾಕ್ಟರಿಗೂ ಅಮ್ಮ ಅದನ್ನೇ ಹೇಳಿದಳು. ಅವರು ರಕ್ತ ಕಮ್ಮಿಯೆಂದು ಟಾನಿಕ್ ಬರೆದರು. ಇತ್ತ ಮಗಳಿಗೆ ಮರೆವು, ಸಿಡುಕು. ಅಂಗಿಯ ಜೇಬನ್ನು ಬೆನ್ನಿಗೆ ಹೊಲಿದಳು. "ಕಳ್ಳನಿಗೆ ಅನುಕೂಲ ಆಯ್ತು ಬಿಡಮ್ಮ" ಎಂದು ಗಿರಾಕಿ ನಕ್ಕ. ಕೊನೆಗೆ ಆ ಡಾಕ್ಟರ ಎದುರಿಗೇ ಬಿದ್ದಳು, ಗುಟ್ಟು ಬಯಲಾಯಿತು.

ದೊಡ್ಡಾಸ್ಪತ್ರೆಯಲ್ಲಿ ಬೆನ್ನುಹುರಿಯ ನೀರು ತೆಗೆದು ನೋಡಿದ ಮೇಲೆ ಡಾಕ್ಟರಮ್ಮ ಬಿಡಿಸಿ ಹೇಳಿದರು: "ಎಲ್ಲ ಫಿಟ್ಸೂ ಹೀಗಲ್ಲ. ಇವಳಿಗೆ ರೋಗದಿಂದ ಮೈ ಕಾಯಬೇಕಾದ ರಕ್ತದೊಳಗಿನ ಕಾವಲುಗಾರರೇ ಮಿದುಳನ್ನ ಕಳ್ಳ ಅಂದ್ಕೊಂಡು ಬಡೀತಿದ್ದಾರೆ. ಮಿದುಳಿಗೆ ಉರಿಯೂತ ಆಗಿದೆ, ಅದಕ್ಕೇ ಫಿಟ್ಸ್. ಅವರನ್ನ ತಣ್ಣಗೆ ಮಾಡೋಕೆ ಔಷಧಿ ಇದೆ. ಇಷ್ಟು ದಿನ ಯಾಕಮ್ಮ ಹೇಳ್ಲಿಲ್ಲ?"

ಅಮ್ಮ ಸೆರಗು ತಿರುಚುತ್ತಾ, "ತಲೆಸುತ್ತು ಅಂದ್ಕೊಂಡ್ವಿ" ಎಂದಳು.

ಮಗಳು ಮಂಚದಿಂದ ಅಮ್ಮನನ್ನೇ ನೋಡಿದಳು. ಕಾಯಬೇಕಾದವರು ಎಂದರೆ ಯಾರೆಂದು ಅವಳಿಗೆ ಚೆನ್ನಾಗಿ ಅರ್ಥವಾಯಿತು.

ಔಷಧಿ ಹಿಡಿಯಿತು, ಬಿದ್ದೇಳುವುದು ನಿಂತಿತು. ಆದರೆ ತಡವಾಗಿತ್ತು. ಆ ಕಣ್ಣಳತೆ ವಾಪಸು ಬರಲಿಲ್ಲ. ಕತ್ತರಿ ಹಿಡಿದರೆ ಎಲ್ಲಿಂದ ಶುರು ಮಾಡಬೇಕೆಂದೇ ತೋಚದು.

ಹೀಗಿರುವಾಗ ಸಂಬಂಧ ಕೇಳಿಕೊಂಡು ಒಬ್ಬರು ಬಂದರು. ಆಸ್ಪತ್ರೆಯ ಸುದ್ದಿ ಅವರ ಕಿವಿಗೂ ಬಿದ್ದಿತ್ತು. ಅಮ್ಮ ನಗುನಗುತ್ತಾ, "ಏನಿಲ್ಲ, ಒಂಚೂರು ತಲೆಸುತ್ತು" ಎಂದು ಶುರುಮಾಡಿದಳು.

"ಫಿಟ್ಸ್" ಎಂದಳು ಮಗಳು. "ಈಗಲೂ ಮಾತ್ರೆ ತಗೋತಿದ್ದೀನಿ. ತಲೆಸುತ್ತು ಅಂತ ಮುಚ್ಚಿಟ್ಟು ನಮ್ಮಮ್ಮ ನನ್ನ ಕೈಕಸುಬು ಕಳೆದ್ಲು."

ಬಂದವರು ಚಪ್ಪಲಿ ಮೆಟ್ಟಿದರು. ಅಮ್ಮ ಎದ್ದು ನೇರ ಕಿಟಕಿಗೆ ಹೋದಳು. ಮಗಳು ಕಿಟಕಿಯ ಕದಕ್ಕೆ ಕೈ ಅಡ್ಡ ಇಟ್ಟಳು.

"ತೆಗೆದೇ ಇರಲಿ."

ಎದುರುಮನೆಯಾಕೆ ಎಲ್ಲ ಕೇಳಿಸಿಕೊಂಡಿದ್ದಳು. ಬೀದಿ ದಾಟಿ ಬಂದು, ಕಿಟಕಿಯ ಸರಳು ಹಿಡಿದು, ದನಿ ತಗ್ಗಿಸಿದಳು.

"ಆ ಡಾಕ್ಟರಮ್ಮ ಎಲ್ಲಿ ಕೂರ್ತಾರೆ? ನಮ್ಮ ಹುಡುಗೀಗೂ... ತಲೆಸುತ್ತು ಅಂತಾನೇ ಹೇಳ್ಕೊಂಡು ಬಂದಿದ್ದೀವಿ."