ಮೂರನೆಯ ಎಲ್ಎಲ್ಆರ್

ವಾಣಿಶ್ರೀಯ ಮೂರನೆಯ ಎಲ್ಎಲ್ಆರ್ ಡಿಸೆಂಬರ್ ಮೂವತ್ತೊಂದಕ್ಕೆ ಮುಗಿಯುವುದಿತ್ತು. ಗಾಡಿ ಕಲಿಯಲು ಕೊಡುವ ಈ ಪರವಾನಗಿಯ ಆಯುಷ್ಯ ಆರೇ ತಿಂಗಳು. ಮೊದಲಿನ ಎರಡು ಬೀರುವಿನಲ್ಲೇ ಕೊನೆಯುಸಿರೆಳೆದಿದ್ದವು. ಒಂದರ ಕಾಲಕ್ಕೆ ಅತ್ತೆಯ ಕಣ್ಣಿನ ಆಪರೇಶನ್, ಇನ್ನೊಂದರ ಕಾಲಕ್ಕೆ ನಾದಿನಿಯ ಮದುವೆ. ಮೂರನೆಯದಕ್ಕೆ ಅಂಥ ಘನವಾದ ಕಾರಣವೂ ಇರಲಿಲ್ಲ. ಮಳೆ ನಿಲ್ಲಲಿ ಅಂದಳು, ದೀಪಾವಳಿ ಕಳೆಯಲಿ ಅಂದಳು, ಅಷ್ಟರಲ್ಲಿ ವರ್ಷವೇ ಕಳೆಯಿತು.

ಆ ಕೊನೆಯ ದಿನ ಬೆಳಿಗ್ಗೆ ಗಂಡ ಸುಭಾಷ್ ಆಕೆಯನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಬನವಾಸಿಯಿಂದ ಶಿರಸಿಗೆ ಟೆಸ್ಟಿಗೆ ಕರೆತಂದ. ಸಾಲಿನಲ್ಲಿ ನಿಂತವರಲ್ಲಿ ನಲವತ್ನಾಲ್ಕರ ಆಕೆಯೇ ಹಿರಿಯಳು.

"ಅಂಜಬ್ಯಾಡ. ಆಗ್ಲಿಲ್ಲಂದ್ರ ಹೋಗ್ಲಿ, ಬಿಡಾಕ ನಾ ಅದೀನಲ್ಲ," ಎಂದ ಸುಭಾಷ್.

ಈ 'ನಾ ಅದೀನಲ್ಲ' ಹತ್ತು ವರ್ಷದ ಹಳೆಯ ಮಾತು. ಪ್ರೀತಿಯಿಂದಲೇ ಹೇಳುತ್ತಿದ್ದ, ಅದೇ ತೊಂದರೆ. ಹೋದ ವರ್ಷ ಪಕ್ಕದೂರು ಗುಡ್ನಾಪುರದ ಮಹಿಳಾ ಸಂಘದವರು ಹೊಲಿಗೆ ಕಲಿಸಲು ಆಕೆಯನ್ನು ಕರೆದಿದ್ದರು. ಕ್ಲಾಸು ಬೆಳಿಗ್ಗೆ ಎಂಟಕ್ಕೆ. ಆ ಹೊತ್ತಿಗೆ ಬಸ್ಸಿಲ್ಲ, 'ಅದೀನಲ್ಲ' ಅನ್ನುವವನು ಹಾಸಿಗೆ ಬಿಟ್ಟೇಳುವುದೇ ಎಂಟಕ್ಕೆ. ಕೆಲಸ ಇನ್ನೊಬ್ಬಳ ಪಾಲಾಯಿತು. ಅವಳಿಗೆ ರವಿಕೆಯ ತೋಳು ಕೂರಿಸಲೂ ನೆಟ್ಟಗೆ ಬರುವುದಿಲ್ಲ ಎಂಬುದು ವಾಣಿಶ್ರೀಯ ಹೊಟ್ಟೆಯುರಿ. ಈಗ ಅವಳು ಬಿಟ್ಟುಹೋದ ಮೇಲೆ ಸಂಘದ ಪರಿಮಳಾ ಮತ್ತೆ ಕೇಳಿದ್ದಳು. "ವರ್ಷ ಮುಗಿಯೋದ್ರೊಳಗೆ ಹೇಳ್ರಿ, ಇಲ್ಲಾಂದ್ರೆ ಬೇರೆಯವ್ರನ್ನ ನೋಡ್ತೀವಿ" ಎಂದೂ ಸೇರಿಸಿದ್ದಳು.

ಸಾಲಿನಲ್ಲಿ ನಿಂತು ವಾಣಿಶ್ರೀ ಕಳೆದ ಮೂರು ವರ್ಷವನ್ನೂ ನೆನೆದಳು. ಬೈಯಲು ಯಾರಾದರೂ ಒಬ್ಬರು ಬೇಕಿತ್ತು. ಅತ್ತೆ ಬೇಡ ಅಂದಿರಲಿಲ್ಲ, ಗಂಡನೂ ಅಂದಿರಲಿಲ್ಲ. ಪ್ರತಿ ಸಲ ಟೆಸ್ಟು ತಪ್ಪಿದಾಗ 'ಅಬ್ಬಾ, ಉಳಿದೆ' ಎಂದು ಒಳಗೊಳಗೇ ಹಾಯಾದವಳು ತಾನೇ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ! ಆಕೆಗೆ ನಾಚಿಕೆಯಾಯಿತು, ನಾಚಿಕೆಯ ಬೆನ್ನಿಗೇ ಧೈರ್ಯವೂ ಬಂತು. ಅಡ್ಡ ನಿಂತವಳು ತಾನೊಬ್ಬಳೇ ಆದರೆ ಸರಿಯಬೇಕಾದವಳೂ ಒಬ್ಬಳೇ ತಾನೆ?

ಹೆಸರು ಕೂಗಿದರು. ನೆಲದ ಮೇಲೆ ಬರೆದ ಇಂಗ್ಲಿಷ್ ಎಂಟರ ಗೆರೆಯಲ್ಲಿ ಕಾಲೂರದೆ ಗಾಡಿ ಓಡಿಸಬೇಕು.

"ನನ್ನ ಕಡೆ ನೋಡ್ಕೊಂತ ಬಾ!" ಎಂದು ಸುಭಾಷ್ ಆಚೆಯಿಂದ ಕೈ ಬೀಸಿದ.

ಆಕೆ ನೋಡಲಿಲ್ಲ. ರವಿಕೆಯ ಕೊರಳು ಹೊಲಿಯುವಾಗ ಸೂಜಿಯನ್ನೇ ನೋಡಿದರೆ ಹೊಲಿಗೆ ಸೊಟ್ಟಾಗುತ್ತದೆ, ಬಟ್ಟೆ ಮುಂದೆ ತಿರುಗುವ ಕಡೆ ಕಣ್ಣಿಡಬೇಕು. ಇಪ್ಪತ್ತು ವರ್ಷ ಇದನ್ನೇ ಮಾಡಿದವಳಿಗೆ ಒಂದು ಎಂಟು ಯಾವ ಮಹಾ? ಎರಡು ಸುತ್ತು ಬಂದು ಗಾಡಿ ನಿಲ್ಲಿಸಿದಳು.

"ಪಾಸು," ಎಂದರು ಇನ್‌ಸ್ಪೆಕ್ಟರ್.

ಸುಭಾಷನಿಗೆ ಹಿಗ್ಗು ತಡೆಯಲಿಲ್ಲ. "ಕಲಿಸಿದಾವ ನಾನೇ, ಸರ್!"

"ಹೌದಾ? ನಿಮ್ಮ ಲೈಸೆನ್ಸ್ ತೋರಿಸಿ."

ಸುಭಾಷ್ ಗತ್ತಿನಿಂದಲೇ ಕೊಟ್ಟ. ಇನ್‌ಸ್ಪೆಕ್ಟರ್ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಇದು ಮುಗಿದು ನಾಲ್ಕು ವರ್ಷ ಆಯ್ತಲ್ರೀ!"

"ಈ ವರ್ಷ ಮಾಡಿಸ್ಬೇಕಂತ ಇದ್ದೆ, ಸರ್... ಮಳಿ ನಿಲ್ಲಲಿ ಅಂತ..."

ವಾಣಿಶ್ರೀ ವೇಲನ್ನು ಬಾಯಿಗೆ ಒತ್ತಿಕೊಂಡಳು. ನಗುವಿನ ಜೊತೆ ಗಂಡನ ಮೇಲೆ ಮರುಕವೂ ಬಂತು. ಪಾಪ, ಇವನೂ ತನ್ನ ಜಾತಿಯವನೇ.

"ನೀವು ಗಾಡಿ ಮುಟ್ಟಬೇಡಿ," ಎಂದರು ಇನ್‌ಸ್ಪೆಕ್ಟರ್. "ಅವರ ಎಲ್ಎಲ್ಆರ್ ಇವತ್ತಿನ ತನಕ ಇದೆ, ಅವರೇ ತಗೊಂಡು ಹೋಗ್ಲಿ. ಲೈಸೆನ್ಸ್ ಕೈಗೆ ಬರೋವರೆಗೆ ಹಿಂದೆ ಮಾತ್ರ ಯಾರನ್ನೂ ಕೂರಿಸ್ಬಾರದು. ನೀವು ಬಸ್ಸಿಗೆ ಹೋಗಿ."

ಸುಭಾಷ್ ಬೀಗದ ಕೈ ಕೊಡುತ್ತ ಸಣ್ಣ ದನಿಯಲ್ಲಿ ಕೇಳಿದ, "ಅಷ್ಟು ದೂರ ಒಬ್ಬಾಕಿ ಹೊಕ್ಕೀಯೇನು?"

"ಹೊಕ್ಕೀನ್ರಿ. ನೀವು ಬಸ್ ತಪ್ಪಿಸ್ಕೋಬ್ಯಾಡ್ರಿ."

ಆಕೆ ಮನೆಗೆ ಹೋಗಲಿಲ್ಲ, ನೆಟ್ಟಗೆ ಗುಡ್ನಾಪುರಕ್ಕೆ ಹೋದಳು. ಗಾಡಿಯ ಸದ್ದಿಗೆ ಪರಿಮಳಾ ಸಂಘದ ಕೋಣೆಯಿಂದ ಹೊರಗೆ ಬಂದಳು. ವಾಣಿಶ್ರೀಯ ಬೆನ್ನ ಹಿಂದೆ ಇಣುಕಿದಳು, ರಸ್ತೆಯ ಕಡೆಗೂ ನೋಡಿದಳು.

"ಒಬ್ರೇ ಬಂದ್ರಾ? ಸುಭಾಷಣ್ಣ ಎಲ್ಲಿ?"

"ಅವ್ರು ಬಸ್ಸಿನ್ಯಾಗ ಬರಾಕತ್ತಾರ್ರಿ," ಎಂದು ವಾಣಿಶ್ರೀ ಹೆಲ್ಮೆಟ್ ತೆಗೆದಳು. "ಎಂಟರ ಕ್ಲಾಸು ಯಾವತ್ತಿಂದ ಸುರು?"